ಬೂಚನಹಳ್ಳಿಯ ಬೂಚಪ್ಪಂದಿರು

ನಿನ್ನ ಮಕ್ಕಳಾಣೆ, ಯಾರ ಹತ್ರಾನೂ ಬಾಯಿ ಬಿಡಲ್ಲ ಅನ್ನು. ಅಂದ್ಯಾ? ಹಂಗಾದ್ರೆ ಹತ್ರ ಬಾ, ಹೇಳ್ತೀನಿ.

ರಾಜರ ಕಾಲದಲ್ಲಿ ಬೂಚನಾಯಕ ಅನ್ನೋನು ನಮ್ಮೂರ ಕೆರೆ ಕಟ್ಟಿದ್ನಂತೆ. ಅವತ್ತಿಂದ ಊರು ಬೂಚನಹಳ್ಳಿ, ಕೆರೆ ಬೂಚನಕೆರೆ, ಮನೆಮನೆ ಹಿರಿಮಗನೂ ಬೂಚಪ್ಪ. ಗುರುತಿಗೆ ಗಾಣದ ಬೂಚಪ್ಪ, ಮೆಳ್ಳಗಣ್ಣು ಬೂಚಪ್ಪ ಅಂತೀವಿ. ತೋಪಮ್ಮನ ಮಗ ಪೆದ್ದ ಬೂಚ. ಅವಳ ಓರಗಿತ್ತಿ ಚಿಕ್ಕತಾಯಿ ಮಗ ಜಾಣ ಬೂಚ. ಇದೊಂದಕ್ಕೇ ತೋಪಮ್ಮಂಗೆ ಹೊಟ್ಟೇಲಿ ಕೆಂಡ.

ಹಿಂಗಿರೋವಾಗ ಪಕ್ಕದ ಸೀಮೆಯಿಂದ ಒಬ್ಬ ಗೌಡ ಮಗಳಿಗೆ ಗಂಡು ನೋಡೋಕೆ ಹೊರಟ. ಅವನೂ ಬೂಚಪ್ಪನೇ. ಬೂಚನಹಳ್ಳೀಲಿ ಬೂಚಪ್ಪ ಅಂತ ಒಳ್ಳೆ ಹುಡುಗ ಅವ್ನೆ ಅಂತಷ್ಟೇ ಯಾರೋ ಹೇಳಿದ್ರಂತೆ. ಚಿಕ್ಕತಾಯಿ ಮನೆಗೆ ಹೋಗೋ ಮುಂಚೆ ತಾನೇ ಹಿಡೀಬೇಕು ಅಂತ ತೋಪಮ್ಮ ಹೋಳಿಗೆ ಬೇಯಿಸೋಕೆ ಕೂತ್ಲು. ಕೆರೆ ಏರಿ ಮೇಲೆ ನಿಂತ್ಕೊ, ಬೂಚಪ್ಪ ಅನ್ನೋನು ಬಂದ್ರೆ ಮನೆಗೆ ಕರ್ಕೊಂಡು ಬಾ ಅಂತ ಮಗನ್ನ ಕಳಿಸಿದ್ಲು.

ಕರ್ಕೊಂಡು ಬಂದ. ಗಾಣದೋನು, ಮೆಳ್ಳಗಣ್ಣಿನೋನು, ಎಮ್ಮೆ ಮೇಯಿಸೋನು, ಅಷ್ಟೂ ಬೂಚಪ್ಪಂದಿರು ಜಗಲಿ ಮೇಲೆ ಕೂತು ಎಲೆಅಡಿಕೆ ಕೇಳಿದ್ರು.

ತೋಪಮ್ಮ ಬಾಯಿಗೆ ಬಂದಂಗೆ ಬೈದ್ಲು. ಊರೊಳಗಿನೋರು ಬೇಡ ಕಣೋ, ಊರಾಚೆ ಇರೋ ಬೂಚಪ್ಪ, ಹೆಗಲ ಮೇಲೆ ಜರಿ ವಲ್ಲಿ ಇರ್ತದೆ, ಮರ್ಯಾದೆಯಿಂದ ಗಾಡೀಲಿ ಕರ್ಕೊಂಡು ಬಾ ಅಂದ್ಲು.

ಗಾಡಿ ಬಂತು. ಮೇಲೆ ಏನಿತ್ತು ಅಂತೀಯ? ಊರಾಚೆ ನಿಂತಿದ್ದ ಬೂಚನಾಯಕನ ವೀರಗಲ್ಲು. ಹಬ್ಬಕ್ಕೆ ಹೊದಿಸಿದ್ದ ಜರಿ ವಲ್ಲಿ ಅದರ ಮೇಲೆ ಹಂಗೇ ಇತ್ತು.

"ಕಲ್ಲಿಗೆ ಹೆಣ್ಣು ಹುಟ್ತದೇನೋ, ಮುಂಡೇದೆ? ಬಾಯಿಬಿಟ್ಟು ಮಾತಾಡೋನು ಬೇಕು" ಅಂತ ತೋಪಮ್ಮ ತಲೆ ಚಚ್ಕೊಂಡ್ಲು. ಹೋಳಿಗೆ ಬುಟ್ಟಿ ಕೈಗೆ ಕೊಟ್ಟು, "ಹುಡುಗ ಯಾರು ಅಂತ ಗೌಡ ಕೇಳ್ತಾನೆ. ಊರಲ್ಲಿರೋ ಬೂಚಪ್ಪಂದಿರಲ್ಲೆಲ್ಲ ಯಾರು ಮೇಲೋ ಅವನ ಮನೆಗೆ ಕರ್ಕೊಂಡು ಹೋಗ್ತೀನಿ ಅನ್ನು. ಮನೆ ಮುಟ್ತಿದ್ದಂಗೆ ನೀನೇ ಬಡಿಸು. ತಿಳೀತಾ?" ಅಂದ್ಲು.

ತಿಳೀತು ಅಂದ. ಹೋದ.

ಹೊತ್ತು ಇಳೀತು. ತೋಪಮ್ಮ ಹೊಸ ಸೀರೆ ಉಟ್ಟು ಬಾಗಿಲಲ್ಲೇ ನಿಂತವಳೆ. ಮಗ ಬಂದ, ಖಾಲಿ ಬುಟ್ಟಿ ಬೀಸ್ಕೊಂಡು, ಒಬ್ನೇ.

"ಗೌಡರೆಲ್ಲೋ?"

"ಚಿಕ್ಕವ್ವನ ಮನೇಲಿ. ಹೋಳಿಗೆ ಚೆನ್ನಾಗದೆ ಅಂದ್ರು. ಹುಡುಗನ್ನೂ ಒಪ್ಕೊಂಡ್ರು."

"ಅಲ್ಲಿಗ್ಯಾಕೆ ಕರ್ಕೊಂಡು ಹೋದ್ಯೋ?"

"ದಿನಾ ಉಣ್ಣೋಕೆ ಕೂತಾಗೆಲ್ಲ ನೀನೇ ಅಂತೀಯಲ್ಲವ್ವ, ನಿನಗಿಂತ ಅವನು ಸಾವಿರ ಪಾಲು ಮೇಲು ಅಂತ. ಬೇಗ ಬಾ, ವೀಳ್ಯ ಬದಲಾಯಿಸ್ತಾವ್ರೆ. ಸೋಬಾನೆ ಹಾಡೋಕೆ ನಮ್ಮವ್ವನೇ ಬರ್ತಾಳೆ ಅಂತ ಒಪ್ಕೊಂಡು ಬಂದಿವ್ನಿ."

ಆಗ ತೋಪಮ್ಮ ಒನಕೆ ತಗೊಂಡು...

ತಡಿ, ಬಾಗಿಲಲ್ಲಿ ಯಾರೋ. ಸೆರಗು ಸರಿ ಮಾಡ್ಕೊ, ನಗಬೇಡ.

ಬಾ ತೋಪಕ್ಕ, ಬಾ. ಇಷ್ಟೊತ್ತೂ ಹೋಳಿಗೆಗೆ ಹದ ಹೆಂಗೆ ಅಂತ ಮಾತಾಡ್ತಾ ಇದ್ವಿ.