ಗಡಿಕಲ್ಲಿನ ಬಳಿ ಉಳಿದ ಮಾತು

"ಗುರುಗಳೇ, ಅವಮಾನ ಮಾಡಿ ಕಳಿಸಿದವರಿಗೆ ಉತ್ತರ ಬರೆಯಲೇಬೇಕೇ?"

ಕೇಳಿದವನು ಮರಿದೇವ, ಮಠದಲ್ಲಿ ಔಷಧಿ ಮಾಡುವುದನ್ನು ಕಲಿತವನು. ಪರದೇಶದ ಒಂದು ಆರೋಗ್ಯಶಾಲೆಗೆ ಒಂದು ವರ್ಷದ ಮಟ್ಟಿಗೆ ಗುರುಗಳೇ ಅವನನ್ನು ಕಳಿಸಿದ್ದರು. ಅಲ್ಲಿ ನಾಲ್ಕು ದೇಶಗಳ ನಾಲ್ವರು ವೈದ್ಯರು ಅವನ ಜೊತೆ ಕೆಲಸ ಮಾಡಿದ್ದರು. ವರ್ಷ ಮುಗಿದು ಅವನು ಹಿಂತಿರುಗಿದ್ದ. ಬಂದ ದಿನದಿಂದ ಅವನ ಹುಬ್ಬಿನ ಗಂಟು ಬಿಚ್ಚಿರಲಿಲ್ಲ.

"ಏನು ಅವಮಾನ?" ಎಂದು ಗುರುಗಳು ಕೇಳಿದರು.

"ವರ್ಷವಿಡೀ ಒಂದೇ ಒಲೆಯ ಮುಂದೆ ಕೂತು ಕಷಾಯ ಕುದಿಸಿದೆವು. ಒಟ್ಟಿಗೆ ಉಂಡೆವು. ಹೊರಡುವ ಬೆಳಿಗ್ಗೆ ನಾನು ಕೈಮುಗಿದು ಹೋಗಿ ಬರುತ್ತೇನೆ ಎಂದರೆ, ನಾಲ್ವರೂ ನನಗೆ ಬೆನ್ನು ಹಾಕಿ ಗೋಡೆಯ ಕಡೆ ತಿರುಗಿ ಕೂತರು. ಒಬ್ಬರೂ ಬಾಗಿಲವರೆಗೆ ಬರಲಿಲ್ಲ. ಈಗ ಪತ್ರ ಬರೆದಿದ್ದಾರೆ. ಕಾಸರಕದ ಬೀಜದ ವಿಷ ಇಳಿಯಲು ಎಷ್ಟು ದಿನ ನೆನೆಸಬೇಕು, ನೀನು ಹೇಳಿದ್ದನ್ನು ಬರೆದಿಟ್ಟ ಹಾಳೆ ಕಳೆದುಹೋಗಿದೆ, ತಿಳಿಸು ಎಂದು. ಬೆನ್ನು ತೋರಿಸಿದವರಿಗೆ ನಾನು ಮುಖ ಕೊಟ್ಟು ಮಾತಾಡಬೇಕೇ?"

ಅವನು ಸೊಂಟದಿಂದ ಪತ್ರ ತೆಗೆದು ಮುಂದೆ ಹಿಡಿದ. ಮಡಿಚಿದ ಕಡೆಯೆಲ್ಲ ಕಾಗದ ಸವೆದಿತ್ತು. ಗುರುಗಳು ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಅವರಿಗೂ ಸಿಟ್ಟು ಬಂದಿತ್ತು. ಯಾರ ಮೇಲೆ ಎಂಬುದು ಮರಿದೇವನಿಗೆ ತಿಳಿಯಲಿಲ್ಲ.

"ಕೂತುಕೋ" ಎಂದು ಅವರು ಕತೆ ಹೇಳಿದರು.

ಒಬ್ಬ ಕೆರೆ ಕಟ್ಟುವವನಿದ್ದ. ಕೆರೆ ಎಂದರೇನೆಂದೇ ತಿಳಿಯದ ಒಂದು ದೂರದ ದೇಶದ ಅರಸ, ಇಂಥವನೊಬ್ಬನನ್ನು ಮೂರು ವರ್ಷಕ್ಕೆ ಕಳಿಸಿಕೊಡಿ ಎಂದು ಕೇಳಿಕೊಂಡ. ಇವನು ಹೋದ. ಎರಡು ತಿಂಗಳ ದಾರಿ. ಅಲ್ಲಿ ಅವನ ಜೊತೆಗೆ ಮೂವರಿದ್ದರು. ಅವನು ಅವರನ್ನು ತನ್ನ ಕೈಕೆಳಗಿನವರು ಎನ್ನುತ್ತಿದ್ದ, ನಾನು ಜೊತೆಯವರು ಎನ್ನುತ್ತೇನೆ. ಒಬ್ಬ ಬೆಟ್ಟದ ಸೀಮೆಯಿಂದ ಬಂದ ಕಲ್ಲುಕುಟಿಗ. ಒಬ್ಬ ದ್ವೀಪದಿಂದ ಬಂದ ಬಡಗಿ. ಇನ್ನೊಬ್ಬಳು ಮಣ್ಣು ಹೊರುವವರ ಮುಂದಾಳು, ಆ ದೇಶದವಳೇ ಆದ ಹೆಂಗಸು.

ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಕೆರೆ ಕಟ್ಟುವವನು ತನ್ನ ಭಾಷೆಯ ಕೆಲಸದ ಮಾತುಗಳನ್ನಷ್ಟೇ ಅವರಿಗೆ ಕಲಿಸಿದ. ಮಣ್ಣು, ಕಲ್ಲು, ಏರಿ, ತೂಬು. ತೆರೆ, ಮುಚ್ಚು, ಸಾಕು, ಇನ್ನೂ ಬೇಕು. ಅಷ್ಟರಲ್ಲೇ ಮೂರು ವರ್ಷ ಕಳೆಯಿತು. ಏರಿ ಎದ್ದಿತು. ಅದರ ಬುಡದಲ್ಲಿ ನೀರು ಹೊರಗೆ ಬಿಡುವ ತೂಬು ಕೂತಿತು.

ದಿನವೂ ಬಿಸಿಲೇರಿದಾಗ ಆ ಹೆಂಗಸು ಅವನಿಗೆ ಒಂದು ಮಣ್ಣಿನ ಮಡಕೆಯಲ್ಲಿ ನೀರು ತರುತ್ತಿದ್ದಳು. ಆ ಮಡಕೆಯಲ್ಲಿ ಬೇರೆ ಯಾರೂ ಕುಡಿಯುತ್ತಿರಲಿಲ್ಲ. ಯಾಕೆ ಎಂದು ಅವನು ಮೂರು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ನೀರು ಕುಡಿದ, ಮಡಕೆ ಹಿಂದಕ್ಕೆ ಕೊಟ್ಟ, ಅಷ್ಟೆ.

ಹೊಸ ಏರಿಯ ವಿಷಯದಲ್ಲಿ ಒಂದು ಮಾತಿದೆ. ಮೊದಲ ಮಳೆಗಾಲದಲ್ಲಿ ಕೆರೆ ತುಂಬಿಸಬಾರದು. ತೂಬು ತೆರೆದಿಟ್ಟು ಏರಿಗೆ ಸ್ವಲ್ಪ ಸ್ವಲ್ಪವೇ ನೀರು ಕುಡಿಸಬೇಕು. ಮಣ್ಣು ಕೂತ ಮೇಲೆ, ಮರುವರ್ಷ, ತೂಬು ಮುಚ್ಚಬೇಕು. ಇದನ್ನು ಅವನು ಕಟ್ಟುವಾಗಲೇ ಹೇಳಬಹುದಿತ್ತು. ಹೇಳಲಿಲ್ಲ. ಕೆಲಸದ ಕೊನೆಯ ಮಾತನ್ನು ಹೊರಡುವ ದಿನ, ಊರ ಗಡಿಕಲ್ಲು ದಾಟಿ ನಿಂತು, ಹಿಂದೆ ತಿರುಗಿ ಹೇಳುವುದು ಅವನ ಮನೆತನದ ಪದ್ಧತಿ. ಅವನ ಅಪ್ಪ ಹಾಗೆ ಮಾಡುತ್ತಿದ್ದ, ಅಜ್ಜನೂ ಹಾಗೇ ಮಾಡುತ್ತಿದ್ದ. ಮೊದಲೇ ಹೇಳಿಬಿಟ್ಟರೆ ಗಡಿಯವರೆಗೆ ಕಳಿಸಿಕೊಡಲು ಯಾರು ಬರುತ್ತಾರೆ ಎಂಬುದು ಅವರ ಲೆಕ್ಕವಿದ್ದೀತು. ಇಂಥ ಪದ್ಧತಿಗೆ ಬೆಂಕಿ ಹಾಕಬೇಕು.

"ಕೊನೆಯ ಮಾತೊಂದು ಉಳಿದಿದೆ, ಗಡಿಯಲ್ಲಿ ಹೇಳುತ್ತೇನೆ" ಎಂದು ಅವನು ಮೂವರಿಗೂ ಸನ್ನೆಯಲ್ಲಿ ತಿಳಿಸಿದ್ದ.

ಹೊರಡುವ ಬೆಳಿಗ್ಗೆ ಮೂವರೂ ಬಂದರು. ಬಡಗಿ ಅವನ ಗಂಟು ಹೊತ್ತುಕೊಂಡ. ಕಲ್ಲುಕುಟಿಗ ದಾರಿಯುದ್ದಕ್ಕೂ ಅವನ ಕೈ ಬಿಡಲಿಲ್ಲ. ಹೆಂಗಸು ಹಿಂದಿನಿಂದ ಮಡಕೆ ಹಿಡಿದು ಬಂದಳು. ಗಡಿಕಲ್ಲು ಬಂತು. ಅವನು ಗಂಟು ತೆಗೆದುಕೊಂಡು ಕಲ್ಲು ದಾಟಿದ. ಇನ್ನು ತಿರುಗಿ ನಿಂತು ಆ ಮಾತು ಹೇಳಬೇಕು. ಅಷ್ಟರಲ್ಲಿ ಅವನ ಹಿಮ್ಮಡಿಗೆ ತಣ್ಣಗೆ ನೀರು ಬಿತ್ತು. ಅದರ ಹಿಂದೆಯೇ ಮಡಕೆ ಒಡೆದ ಸದ್ದು.

ತಿರುಗಿ ನೋಡಿದ. ಅವನು ನಡೆದ ದಾರಿ ಒದ್ದೆಯಾಗಿತ್ತು. ಹೆಂಗಸಿನ ಕಾಲ ಬಳಿ ಮಡಕೆಯ ಚೂರುಗಳಿದ್ದವು.

ಅವನ ನಾಡಿನಲ್ಲಿ ನೀರು ಚೆಲ್ಲಿ ಮಡಕೆ ಒಡೆಯುವುದು ಹೆಣದ ಮುಂದೆ. ಅಪ್ಪ ಸತ್ತಾಗ ಅವನೇ ಒಡೆದಿದ್ದ. ಅವನ ಮೈಯೆಲ್ಲ ಉರಿದುಹೋಯಿತು. ಇಲ್ಲಿಯವರೆಗೆ ಅವನ ತಪ್ಪಿಲ್ಲ. ಆ ಜಾಗದಲ್ಲಿ ನಾನಿದ್ದರೂ ನನಗೂ ಸಿಟ್ಟು ಬರುತ್ತಿತ್ತು, ನಿನಗೂ ಬರುತ್ತಿತ್ತು.

"ನಾನಿನ್ನೂ ಬದುಕಿದ್ದೀನಿ ಕಣ್ರೋ. ಮೂರು ವರ್ಷ ನಿಮ್ಮ ಮಣ್ಣಿನಲ್ಲಿ ಬೆವರು ಸುರಿಸಿದವನಿಗೆ ಎಳ್ಳುನೀರು ಬಿಡ್ತೀರಾ? ನಿಮ್ಮ ಕೆರೆಯನ್ನು ನೀವೇ ನೋಡಿಕೊಳ್ಳಿ" ಎಂದು ತನ್ನ ಭಾಷೆಯಲ್ಲಿ ಕೂಗಾಡಿದ.

ಅವರಿಗೆ ತಿಳಿಯಲಿಲ್ಲ. ಅವನು ಅವರಿಗೆ ಬೈಗುಳ ಕಲಿಸಿರಲಿಲ್ಲ. ಅಗಲುವ ಸಂಕಟಕ್ಕೆ ಹೀಗೆ ಕೂಗುತ್ತಿದ್ದಾನೆ ಎಂದುಕೊಂಡರು. ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಲ್ಲುಕುಟಿಗನೂ ಅತ್ತ. ಕೆರೆ ಕಟ್ಟುವವನು ಸರಸರನೆ ನಡೆದುಬಿಟ್ಟ. ಕೊನೆಯ ಮಾತು ಹೇಳಲು ತಿರುಗಿ ಬರುತ್ತಾನೆಂದು ಮೂವರೂ ಹೊತ್ತು ನೆತ್ತಿಗೇರುವವರೆಗೆ ಕಲ್ಲಿನ ಬಳಿ ಕಾದರು.

ಅವನು ಊರು ಸೇರಿದ. ಕಂಡಕಂಡವರಿಗೆಲ್ಲ ತನಗಾದ ಅವಮಾನ ಹೇಳಿದ. ಹೇಳಿದಷ್ಟೂ ಮಡಕೆ ದೊಡ್ಡದಾಯಿತು. ಮೊದಲು ಚೊಂಬಿನಷ್ಟಿದ್ದದ್ದು ಆಮೇಲೆ ಕೊಡದಷ್ಟಾಯಿತು. ಕೇಳಿದವರು ಅಯ್ಯೋ ಎಂದರು. ಅವನಿಗೆ ಅದು ಹಿತವಾಗಿತ್ತು. ಸಿಟ್ಟನ್ನು ಸಾಕಿಕೊಂಡವರೆಲ್ಲರಿಗೂ ಅದು ಹಿತವಾಗಿಯೇ ಇರುತ್ತದೆ, ಅದಕ್ಕೇ ನನಗೆ ಅಂಥವರನ್ನು ಕಂಡರಾಗುವುದಿಲ್ಲ.

ಕೆಲವು ತಿಂಗಳ ಮೇಲೆ ಒಂದು ಪತ್ರ ಬಂತು. ಯಾರನ್ನೋ ಹಿಡಿದು ಅವನ ಭಾಷೆಯಲ್ಲೇ ಬರೆಸಿದ್ದರು. "ಕೊನೆಯ ಮಾತು ಹೇಳಲು ಮರೆತಿರಿ. ದುಃಖದಲ್ಲಿ ಮರೆತಿದ್ದೀರಿ, ನಮಗೆ ಗೊತ್ತು. ಮಳೆಗಾಲ ಬರುತ್ತಿದೆ. ತೂಬು ತೆರೆದಿಡಬೇಕೋ ಮುಚ್ಚಬೇಕೋ, ಅಷ್ಟು ತಿಳಿಸಿ."

ಪತ್ರ ಅವನ ಕೈ ಸೇರಿದಾಗ ಆ ದೇಶದ ಮಳೆಗೆ ಎರಡು ತಿಂಗಳ ಮೇಲೆ ಎಂಟು ದಿನ ಉಳಿದಿತ್ತು. ದಾರಿ ಎರಡು ತಿಂಗಳದ್ದು. ಬೇಕಾದಷ್ಟು ಸಮಯವಿತ್ತು. ಅವನು ಪತ್ರವನ್ನು ಸೂರಿನ ಸಂದಿಗೆ ಸಿಕ್ಕಿಸಿದ.

"ಅಷ್ಟು ದೂರದಿಂದ ಕೇಳಿಕಳಿಸಿದ್ದಾರೆ. ಮೊದಲು ಬರೆದು ಕಳಿಸಿಬಿಡಿ, ಆಮೇಲೆ ಬೇಕಾದಷ್ಟು ಬೈಕೊಳ್ಳಿ" ಎಂದಳು ಅವನ ಹೆಂಡತಿ.

"ಸತ್ತವರು ಪತ್ರ ಬರೆಯೋದಿಲ್ಲ" ಎಂದ ಅವನು. ಈ ಮಾತು ಅವನಿಗೇ ಬಹಳ ಮೆಚ್ಚಿಗೆಯಾಯಿತು. ಅದನ್ನೂ ನಾಲ್ಕು ಜನಕ್ಕೆ ಹೇಳಿದ.

ಇಪ್ಪತ್ತು ದಿನ ಹೋಯಿತು. ಒಬ್ಬ ವ್ಯಾಪಾರಿ ದಣಿದು ಬಂದು ಅವನ ಜಗಲಿಯ ಮೇಲೆ ಕೂತ. ಆ ದೇಶಕ್ಕೆ ಹೋಗಿ ಬರುತ್ತಿದ್ದವನು. ಕೆರೆ ಕಟ್ಟುವವನು ಅವನಿಗೂ ಮಡಕೆಯ ಕತೆ ಹೇಳಿದ. ವ್ಯಾಪಾರಿ ಮೊದಲು ನಕ್ಕ. ಇವನ ಮುಖ ನೋಡಿ ನಗು ನಿಲ್ಲಿಸಿದ.

"ಮತ್ತೆ ಬರಲಿ ಅಂತ ಆಸೆ ಇದ್ದವರ ಹಿಂದೆ ಮಾತ್ರ ಅಲ್ಲಿಯವರು ನೀರು ಚೆಲ್ಲೋದು" ಎಂದ ವ್ಯಾಪಾರಿ. "ನೀವು ಕುಡಿದ ಮಡಕೆಯಲ್ಲಿ ಇನ್ನೊಬ್ಬರು ಕುಡೀಬಾರದು ಅಂತ ಅದನ್ನ ಒಡೆದಿದ್ದಾರೆ. ಒಡಹುಟ್ಟಿದವರಿಗೆ ಹಾಗೆ ಮಾಡ್ತಾರೆ. ನಾನು ಹದಿನೈದು ಸಲ ಹೋಗಿ ಬಂದಿದ್ದೀನಿ ಯಜಮಾನರೇ. ನನ್ನ ಹಿಂದೆ ಯಾರೂ ಒಂದು ತೊಟ್ಟು ಹಾಕಿಲ್ಲ."

ಅವನು ಸೂರಿನಿಂದ ಪತ್ರ ಎಳೆದುಕೊಂಡ. ಉಣ್ಣದೆ ಹೊರಟ. ಎರಡು ತಿಂಗಳ ದಾರಿಯನ್ನು ಐವತ್ತೈದು ದಿನದಲ್ಲಿ ನಡೆದ. ಮಳೆ ಬೇಗ ಬರಲಿಲ್ಲ, ತಡವಾಗಿಯೂ ಬರಲಿಲ್ಲ. ತನ್ನ ದಿನಕ್ಕೆ ಬಂತು. ತಡವಾದದ್ದು ಅವನೇ.

ಗಡಿಕಲ್ಲು ದಾಟಿದ. ಏರಿ ನಡುವೆ ಒಡೆದು ಎರಡು ತುಂಡಾಗಿ ನಿಂತಿತ್ತು. ಏರಿಯ ಕೆಳಗಿದ್ದ ಕೇರಿಯ ಜಾಗದಲ್ಲಿ ಕೆಸರಿತ್ತು, ಅದರಲ್ಲಿ ಅಲ್ಲಲ್ಲಿ ಕಂಬಗಳ ತುದಿ ಕಾಣುತ್ತಿತ್ತು. ಕಲ್ಲುಕುಟಿಗ ಆ ಕೆಸರು ತೋಡುತ್ತಿದ್ದ. ಇವನನ್ನು ಕಂಡು ಗುದ್ದಲಿ ಕೆಳಗಿಟ್ಟ.

ನಡೆದದ್ದನ್ನು ಕಲ್ಲುಕುಟಿಗ ತನಗೆ ಬರುವ ಅಷ್ಟಿಷ್ಟು ಮಾತಿನಲ್ಲಿ, ಸನ್ನೆಯಲ್ಲಿ ಹೇಳಿದ. ಉತ್ತರ ಬರಲಿಲ್ಲ. ಮಳೆ ಬಂತು. ತೂಬು ತೆರೆದೇ ಇರಲಿ ಎಂದವನು ತಾನು. ಹೆಂಗಸು ಬೇಡ ಎಂದಳು. ಅವರ ಹಿಂದೆ ನಾನು ನೀರು ಹಾಕಿದ್ದೇನೆ, ಅವರು ಬಂದೇ ಬರುತ್ತಾರೆ, ಬಂದಾಗ ಕೆರೆ ತುಂಬಿರಬೇಕು ಎಂದಳು. ತೂಬು ಮುಚ್ಚಿದರು. ಏರಿ ಸೋರತೊಡಗಿದಾಗ ಅದನ್ನು ತೆರೆಯಲು ಅವಳೇ ಇಳಿದಳು. ಬಡಗಿ ಅವಳ ಹಿಂದೆ ಇಳಿದ. ಇಬ್ಬರೂ ಮೇಲೆ ಬರಲಿಲ್ಲ.

ಆಮೇಲೆ ಕಲ್ಲುಕುಟಿಗ ಕೇಳಿದ, "ಕೊನೆ ಮಾತು ಏನು?"

"ತೂಬು ತೆರೆದಿಡಿ" ಎಂದ ಕೆರೆ ಕಟ್ಟುವವನು.

ಕಲ್ಲುಕುಟಿಗ ಅದನ್ನು ಬಾಯಲ್ಲಿ ಹೇಳಿಕೊಂಡು ನೋಡಿದ. "ಎರಡೇ ಮಾತು" ಎಂದ. "ಎರಡೂ ನಮಗೆ ಬರುತ್ತಿತ್ತು."

ಹೊಡಿ ಎಂದ ಕೆರೆ ಕಟ್ಟುವವನು. ಬೈ ಎಂದ. ಕಲ್ಲುಕುಟಿಗ ಗುದ್ದಲಿ ಎತ್ತಿಕೊಂಡು ಕೆಸರಿಗೆ ಇಳಿದ. ಇನ್ನೂ ಸಿಗದವರು ಅದರಲ್ಲಿದ್ದರು. ಇವನೂ ಇಳಿದು ತೋಡಿದ. ಎಲ್ಲರೂ ಸಿಕ್ಕುವವರೆಗೆ ಇಬ್ಬರೂ ಕೆಲಸ ನಿಲ್ಲಿಸಲಿಲ್ಲ.

ಎಲ್ಲ ಮುಗಿದ ಮೇಲೆ ಅವನು ಹೊರಟ. ಕಲ್ಲುಕುಟಿಗ ಗಡಿಯವರೆಗೆ ಬಂದ. ಕಳಿಸಿಕೊಡುವ ಪದ್ಧತಿ ಬಿಡಲಿಲ್ಲ. ಕೆರೆ ಕಟ್ಟುವವನು ಕಲ್ಲು ದಾಟಿ, ಬೆನ್ನು ಹಾಕಿ, ಬಹಳ ಹೊತ್ತು ನಿಂತ. ಹಿಮ್ಮಡಿಗೆ ನೀರು ಬೀಳಲಿಲ್ಲ. ತಿರುಗಿ ನೋಡಿದಾಗ ದಾರಿ ಒಣಗಿತ್ತು, ಕಲ್ಲಿನ ಬಳಿ ಯಾರೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರಿದೇವ ಕೈಯಲ್ಲಿದ್ದ ಪತ್ರವನ್ನು ಮತ್ತೆ ಮಡಿಚಿದ. ಅವನ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಹಾಗಾದರೆ ಅವರು ನನಗೆ ಬೆನ್ನು ಹಾಕಿ ಕೂತದ್ದಕ್ಕೆ ಏನರ್ಥ, ಗುರುಗಳೇ?" ಎಂದು ಕೇಳಿದ.

"ನನಗೆ ಗೊತ್ತಿಲ್ಲ" ಎಂದರು ಗುರುಗಳು. "ನಿನ್ನ ಕೈಯಲ್ಲಿರುವ ಆ ಪತ್ರ ಬಂದು ಎಷ್ಟು ದಿನವಾಯಿತು?"