ಐದು ಗಂಟೆಯ ಕೊನೆಯ ಬಸ್ಸು

ಆ ಊರಿನ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿಯವರಿಗೆ ಪುಕ್ಕಟೆ ಸ್ಪೆಷಲ್ ಕ್ಲಾಸು ಶುರುವಾಗುತ್ತಿದ್ದದ್ದು ಸಂಜೆ ಐದಕ್ಕೆ. ಲಂಬಾಣಿ ತಾಂಡಾಕ್ಕೆ ಹೋಗುವ ಕೊನೆಯ ಬಸ್ಸು ಹೊರಡುತ್ತಿದ್ದದ್ದೂ ಐದಕ್ಕೇ. ತಾಂಡಾದ ಹುಡುಗಿಯರು ಒಂದು ದಿನವೂ ಆ ಕ್ಲಾಸಿನಲ್ಲಿ ಕೂತವರಲ್ಲ. ಹೋದ ವರ್ಷ ಗಣಿತದಲ್ಲಿ ನಪಾಸಾದ ತಾಂಡಾದ ಚಾಂದಿಬಾಯಿಯನ್ನು ಆ ಬೇಸಿಗೆಯಲ್ಲೇ ಮದುವೆ ಮಾಡಿ ಕಳಿಸಿಬಿಟ್ಟಿದ್ದರು.

ಈ ವರ್ಷ ಬಸ್ಸಿನ ಡ್ರೈವರ್ ಲೋಕಪ್ಪ, ಕ್ಲಾಸಿನ ವೇಳೆ ಬದಲಿಸಿರೆಂದು ಹೆಡ್‌ಮಾಸ್ತರರಿಗೆ ಕೈಮುಗಿದ.

"ಕ್ಲಾಸು ಎಲ್ಲಾರಿಗೂ ತೆರೆದೈತಿ. ಅವರಿಗೆ ಕೂಡ್ರಾಕ ಆಗದಿದ್ರ ನಾ ಏನ್ ಮಾಡ್ಲಿ?" ಎಂದರು ಅವರು.

ಹೆಡ್‌ಮಾಸ್ತರರು ಮನೆಗೆ ಹೋಗುವುದೂ ಅದೇ ಬಸ್ಸಿನಲ್ಲಿ. ಮರುದಿನ ಅವರು ಹತ್ತಿ ಕೂತದ್ದೇ ತಡ, ಲೋಕಪ್ಪ ಎಂಜಿನ್ ಆರಿಸಿ ಹುಡುಗಿಯರನ್ನು ಕ್ಲಾಸಿಗೆ ಕಳಿಸಿದ. ತಾಂಡಾದ ಮಂದಿ ಗಂಟುಮೂಟೆ ಕೆಳಗಿಟ್ಟು ಆರಾಮಾಗಿ ಕೂತರು.

"ಬಸ್ ಯಾಕ ಬಿಡವಲ್ಲಿ?" ಹೆಡ್‌ಮಾಸ್ತರರು ಗದರಿದರು.

"ಬಸ್ಸು ಎಲ್ಲಾರಿಗೂ ತೆರೆದೈತ್ರಿ, ಸರ. ಹೊರಡೂದು ಮಾತ್ರ ಕ್ಲಾಸ್ ಮುಗಿದ ಮ್ಯಾಲ."

ಅವರ ಮುಖ ಕಪ್ಪಿಟ್ಟಿತು. ಎರಡು ಸಂಜೆ ಹಾಗೇ ಸೆಕೆಯಲ್ಲಿ ಬೆವರಿದ ಮೇಲೆ ಕ್ಲಾಸು ನಾಲ್ಕು ಗಂಟೆಗೆ ಬಂತು. ಬೆನ್ನಿಗೇ ಲೋಕಪ್ಪನಿಗೆ ದೂರದ ಡಿಪೋಗೆ ವರ್ಗವೂ ಬಂತು.

ಹೊಸ ಡ್ರೈವರನಿಗೆ ಬಸ್ಸು ಒಪ್ಪಿಸುವಾಗ ಅವನು ಹೇಳಿದ್ದು ಇಷ್ಟೇ: "ಕ್ಲಾಸು ಮತ್ತ ಐದಕ್ಕ ಹೋತಂದ್ರ ಈ ಬಸ್ಸು ಚಾಲೂ ಆಗೂದಿಲ್ಲ ನೋಡಪಾ."