ಸಿಂಥ್ ಮತ್ತು ಸೇತುವೆ

ನಾಗವೇಣಿ ಎಂಬ ಸಂಗೀತ ಸಂಯೋಜಕಿಯ ಲಿನಕ್ಸ್ ಕಂಪ್ಯೂಟರಿಗೆ ಒಂದು ಸಿಂಥ್ ಬಂದು ಸೇರಿತು. ಕೊಳಲು, ಪಿಟೀಲು, ಯಾವ ದನಿ ಬೇಕಾದರೂ ಹೊರಡಿಸುವ ಸಾಫ್ಟ್‌ವೇರ್ ವಾದ್ಯ ಅದು. ಆದರೆ ಹುಟ್ಟಿದ್ದು ಲಿನಕ್ಸ್‌ಗಲ್ಲ, ವಿಂಡೋಸ್ ಎಂಬ ಬೇರೆ ಕಾರ್ಯವ್ಯವಸ್ಥೆಗಾಗಿ. ಲಿನಕ್ಸ್‌ನ ಭಾಷೆ ಅದಕ್ಕೆ ಬಾರದು. ಸೇತುವೆ ಎಂಬ ಪುಟ್ಟ ಪ್ರೋಗ್ರಾಂ ನಡುವೆ ನಿಂತು ಅದರ ಮಾತನ್ನೆಲ್ಲ ತರ್ಜುಮೆ ಮಾಡುತ್ತಿತ್ತು.

ರೆಕಾರ್ಡಿಂಗ್ ದಿನ ಸಿಂಥ್ ಸಿಡುಕಿತು: "ನೀನು ನಡುವೆ ನಿಂತಿರುವುದರಿಂದಲೇ ನನ್ನ ದನಿ ಜೊತೆಗೆ ನುಡಿಯುವ ತಬಲೆಗಿಂತ ಕೂದಲೆಳೆಯಷ್ಟು ತಡ. ದಾರಿ ಬಿಡು!"

"ಆಗಲಿ" ಎಂದು ಸೇತುವೆ ಪಕ್ಕಕ್ಕೆ ಸರಿಯಿತು.

ಸಿಂಥ್ ನುಡಿಸಲು ನಾಗವೇಣಿ ಸಂಗೀತದ ಕೀಬೋರ್ಡ್ ಒತ್ತಿದಳು. ಸದ್ದಿಲ್ಲ. ಮತ್ತೆ ಒತ್ತಿದಳು. "ಈ ಸಿಂಥ್ ಕೆಟ್ಟಿದೆ, ತೆಗೆದುಬಿಡೋಣ" ಎಂದು ಮೌಸ್ ಹಿಡಿದಳು. ಕಾಪಾಡಿ ಎಂದು ಸಿಂಥ್ ಚೀರಿಕೊಂಡಿತು. ಆ ಕಂಪ್ಯೂಟರಿನಲ್ಲಿ ಅದರ ಭಾಷೆ ತಿಳಿದದ್ದು ಸೇತುವೆಯೊಂದಕ್ಕೇ. ಅದು ಓಡಿಬಂದು ತನ್ನ ಜಾಗದಲ್ಲಿ ನಿಂತಿತು. ಚೀರಾಟ ಕೋಣೆಯಲ್ಲಿ ಕೊಳಲಾಗಿ ಕೇಳಿಸಿತು. ನಾಗವೇಣಿ ಮೌಸ್ ಬಿಟ್ಟಳು.

ಹಾಡು ಮುಗಿದ ಮೇಲೆ ಸಿಂಥ್ ತಲೆ ತಗ್ಗಿಸಿ ಹೇಳಿತು: "ಅಣ್ಣಾ, ನಿನ್ನಿಂದ ತಡವಾಗುತ್ತದೆ ಎಂದು ಬೈದೆ. ನಿನಗೆ ಕೈಮುಗಿಯಲು ನಾನು ಮಾಡಿದ ತಡದ ಮುಂದೆ ಅದು ಯಾವ ಲೆಕ್ಕ!"